ದೆವ್ವದ ಬಾಕಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ‘ನಾಳೆ ಬಾ’ ನೆನಪಿರುತ್ತದೆ. ಮನೆಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದ ಎರಡೇ ಪದ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬೀದಿ ಬೀದಿ ಸುತ್ತುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಬಾಗಿಲ ಬರಹ ಓದಿಕೊಂಡರೆ ಅದು ಸುಮ್ಮನೆ ವಾಪಸು ಹೋಗುತ್ತದಂತೆ. ಮರುದಿನ ಬಂದರೂ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ನಿನ್ನೆ ಓದಿದ್ದು ಮಾತ್ರ ನೆನಪಿರುವುದಿಲ್ಲ ಎಂದು ನಾವು ಹುಡುಗರು ಹಗಲಲ್ಲಿ ನಗುತ್ತಿದ್ದೆವು. ನಮ್ಮ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲೂ ಒಂದು ಬೋರ್ಡಿತ್ತು: ‘ಇಂದು ನಗದು, ನಾಳೆ ಸಾಲ’. ಅದೂ ದಿನಾ ಬದಲಾಗದ ಬೋರ್ಡೇ. ಎರಡೂ ಒಂದೇ ಯುಕ್ತಿಯವೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಒಂದು ವ್ಯತ್ಯಾಸ ಉಂಟು. ಅಂಗಡಿಯವನು ಸಾಲ ಕೇಳಲು ಬಂದವರನ್ನು ತಳ್ಳುತ್ತಿದ್ದ. ಮನೆಯವರು ತಳ್ಳುತ್ತಿದ್ದದ್ದು ವಸೂಲಿಗೆ ಬಂದವಳನ್ನು.

ದೆವ್ವ ಇದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ನನ್ನ ಉತ್ತರ. ಆದರೆ ಅಷ್ಟಕ್ಕೆ ಮಾತು ಮುಗಿಯುವುದಿಲ್ಲ. ಲೋಕದ ಯಾವ ಮೂಲೆಯ ಕಥೆ ತೆಗೆದರೂ ಸತ್ತವರು ವಾಪಸು ಬರುತ್ತಾರೆ, ಬಂದವರು ಏನನ್ನೋ ಕೇಳುತ್ತಾರೆ. ಮೈಮೇಲೆ ಬಂದದ್ದನ್ನು ಬಿಡಿಸಲು ಕೂತ ಮಂತ್ರವಾದಿ ಬೇವಿನ ಸೊಪ್ಪು ಹಿಡಿದು ಕೇಳುವುದೂ ಇಷ್ಟೇ: ‘ಯಾರು ನೀನು? ಎಲ್ಲಿಂದ ಬಂದೆ? ಏನು ಬೇಕು ನಿನಗೆ?’ ವಿದ್ವಾಂಸರು ನೀರಿನ ದೆವ್ವ, ಮರದ ದೆವ್ವ, ಮನೆಯ ದೆವ್ವ ಎಂದು ವಿಂಗಡಿಸಿ ಉದ್ದುದ್ದ ಪಟ್ಟಿ ಮಾಡಿಟ್ಟಿದ್ದಾರೆ. ನನಗೆ ಆ ಪಟ್ಟಿಗಳಿಗಿಂತ ಮಂತ್ರವಾದಿಯ ಮೂರನೇ ಪ್ರಶ್ನೆಯೇ ಹೆಚ್ಚು ಉಪಯೋಗಕ್ಕೆ ಬಂದಿದೆ. ನಾಡು ನಾಡಿನ ದೆವ್ವಗಳನ್ನು ನಿಲ್ಲಿಸಿ ಅದೊಂದನ್ನು ಕೇಳಿ ನೋಡಿದರೆ, ಆಯಾ ನಾಡಿನಲ್ಲಿ ಯಾರಿಗೆ ಏನು ಸಲ್ಲದೆ ಉಳಿಯಿತು ಎಂಬ ಲೆಕ್ಕ ಹೊರಬೀಳುತ್ತದೆ.

ದೆವ್ವದ ಅತಿ ಹಳೆಯ ಚಿತ್ರಗಳಲ್ಲಿ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಂಗೈಯಲ್ಲಿ ಹಿಡಿಯಬಹುದಾದ ಬ್ಯಾಬಿಲೋನಿನ ಮಣ್ಣಿನ ಹಲಗೆ ಅದು, ಸುಮಾರು 3,500 ವರ್ಷ ಹಳೆಯದು. ಅದರ ಮೇಲಿನ ಚಿತ್ರ ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಕು ಮೇಲಿನಿಂದ ಸರಿಯಾಗಿ ಬಿದ್ದರೆ ಮಾತ್ರ ಗೆರೆಗಳು ಎದ್ದು ಬರುತ್ತವೆ. ಅಲ್ಲೇ ಕೆಲಸ ಮಾಡುವ ಇರ್ವಿಂಗ್ ಫಿಂಕೆಲ್ ಅದನ್ನು ಗುರುತಿಸಿ 2021ರಲ್ಲಿ ಲೋಕದ ಮುಂದಿಟ್ಟರು. ಗಡ್ಡ ಬಿಟ್ಟ ಬಡಕಲು ಗಂಡಸೊಬ್ಬ ಕೈ ಕಟ್ಟಿಸಿಕೊಂಡು ನಡೆಯುತ್ತಿದ್ದಾನೆ. ಅವನ ಮುಂದೆ ಹಗ್ಗ ಹಿಡಿದ ಒಬ್ಬ ಹೆಂಗಸು, ಅವನನ್ನು ಕರೆದೊಯ್ಯುತ್ತಿದ್ದಾಳೆ. ಗಂಡಿನದೊಂದು ಹೆಣ್ಣಿನದೊಂದು ಗೊಂಬೆ ಮಾಡಿ, ಪಾತ್ರೆಗಳಲ್ಲಿ ಬಿಯರು ಇಟ್ಟು, ಸೂರ್ಯದೇವನಾದ ಶಮಾಶನನ್ನು ಪ್ರಾರ್ಥಿಸಿ ದೆವ್ವವನ್ನು ಪಾತಾಳಕ್ಕೆ ಕಳಿಸುವ ವಿಧಾನ ಪಕ್ಕದಲ್ಲೇ ಬರೆದಿದೆ. ಫಿಂಕೆಲ್ ಹೇಳುವಂತೆ ಆ ದೆವ್ವಕ್ಕೆ ಬೇಕಾಗಿದ್ದದ್ದು ಜೊತೆಗೊಂದು ಹೆಣ್ಣು, ಕೊಟ್ಟರೆ ಹೋಗುತ್ತದೆ. ಕೊನೆಯಲ್ಲೊಂದು ಎಚ್ಚರಿಕೆ: ಹಿಂದೆ ತಿರುಗಿ ನೋಡಬಾರದು. ಸ್ಮಶಾನದಿಂದ ಮನೆಗೆ ಹೊರಟಾಗ ನಮ್ಮ ದೊಡ್ಡವರು ಹೆಗಲ ಮೇಲೆ ಕೈಯಿಟ್ಟು ಹೇಳುವ ಮಾತೂ ಇದೇ ಆದ್ದರಿಂದ, ಇದನ್ನು ಓದಿದಾಗ ನನಗೆ ಸಣ್ಣಗೆ ಮೈ ಜುಮ್ಮೆಂದಿತು.

ಆದರೆ ಹೆಚ್ಚಿನ ಬ್ಯಾಬಿಲೋನಿ ದೆವ್ವಗಳ ಬೇಡಿಕೆ ಹೊಟ್ಟೆಯದು. ಸತ್ತವರಿಗೆ ಕಾಲಕಾಲಕ್ಕೆ ಅನ್ನ ಇಟ್ಟು ನೀರು ಹೊಯ್ಯುವ ‘ಕಿಸ್ಪು’ ಎಂಬ ಕರ್ಮ ಮನೆಯ ಮಗನ ಪಾಲಿನದು. ಗಿಲ್ಗಮೇಶನ ಕಥೆಯ ಹನ್ನೆರಡನೇ ಹಲಗೆಯಲ್ಲಿ ಪಾತಾಳ ಕಂಡು ಬಂದ ಗೆಳೆಯ ಎನ್ಕಿಡುವನ್ನು ಗಿಲ್ಗಮೇಶ ಕೂರಿಸಿಕೊಂಡು ಒಬ್ಬೊಬ್ಬರ ಗತಿಯನ್ನೂ ವಿಚಾರಿಸುತ್ತಾನೆ. ಮಕ್ಕಳು ಹೆಚ್ಚಿದ್ದಷ್ಟೂ ಅಲ್ಲಿ ಸ್ಥಿತಿ ಮೇಲು. ನೋಡಿಕೊಳ್ಳಲು ಯಾರೂ ಇಲ್ಲದವನ ಪಾಲಿಗೆ ಪಾತ್ರೆಯ ತಳದ ಕೆರೆದ ಸೀಕು, ಬೀದಿಗೆ ಎಸೆದ ರೊಟ್ಟಿ ಚೂರು. ಪಿಂಡ, ತರ್ಪಣ, ಪುತ್ರ ಎಂಬ ಮಾತುಗಳ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಸಿವಿನ ಈ ದೆವ್ವಕ್ಕೆ ನಮ್ಮ ಕಡೆಯ ಹೆಸರು ಪ್ರೇತ. ಮುಂದಕ್ಕೆ ಹೋದವನು ಎಂಬುದು ಪದದ ಅರ್ಥ, ಆದರೆ ಹೋಗದೆ ನಿಂತವನಿಗೇ ಅದು ಅಂಟಿಕೊಂಡಿದೆ. ಬೌದ್ಧರ ಜೊತೆ ಈ ಪ್ರೇತ ಚೀನಾ, ಜಪಾನುಗಳವರೆಗೂ ನಡೆದುಹೋಯಿತು. ಗುಡಾಣದಂಥ ಹೊಟ್ಟೆ, ಸೂಜಿಯಂಥ ಗಂಟಲು. ಚೀನೀಯರ ಏಳನೇ ತಿಂಗಳಿಡೀ ಪಾತಾಳದ ಬಾಗಿಲು ತೆರೆದಿರುತ್ತದೆಂದು ನಂಬಿಕೆ. ಮನೆ ಮುಂದೆ ಊಟ ಇಡುತ್ತಾರೆ, ಕಾಗದದ ನೋಟು ಸುಡುತ್ತಾರೆ. ಈಚೆಗೆ ಕಾಗದದ ಮೊಬೈಲು, ಕಾಗದದ ಕಾರೂ ಸುಡುವುದುಂಟು. ಸಿಂಗಪುರದಲ್ಲಿ ಆ ತಿಂಗಳು ಬೀದಿಯಲ್ಲಿ ವೇದಿಕೆ ಹಾಕಿ ಹಾಡು-ಕುಣಿತ ನಡೆಸುತ್ತಾರೆ. ಮೊದಲ ಸಾಲಿನ ಕುರ್ಚಿಗಳು ಖಾಲಿ. ಅವು ಪಾತಾಳದಿಂದ ಬಂದವರಿಗೆ ಮೀಸಲು, ತಿಳಿಯದವರು ಹೋಗಿ ಕೂತರೆ ಪಕ್ಕದವರು ಎಬ್ಬಿಸುತ್ತಾರೆ. ಜಪಾನಿನ ಒಬೋನ್ ಹಬ್ಬದಲ್ಲಿ ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತಾರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ. ಬರುವಾಗ ಕುದುರೆಯೇರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನಕ್ಕೆ ಹೋಗಲಿ ಎಂದು. ಸತ್ತವರ ಬಗ್ಗೆ ಇಷ್ಟು ಅಕ್ಕರೆಯ ಬೇರೊಂದು ಆಚರಣೆ ನನಗೆ ಗೊತ್ತಿಲ್ಲ.

ಗೊತ್ತಿಲ್ಲ ಎಂದೆನಲ್ಲ, ಒಂದು ಗೊತ್ತು. ನನ್ನ ಅಜ್ಜಿಯ ಊರು ಮಂಡ್ಯದ ಕಡೆ. ಅಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಿದ್ದರು. ಬಾಳೆಲೆಯಲ್ಲಿ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಕಾಲು ಬಾಟಲಿ ಬ್ರಾಂದಿ, ತಾತನಿಗೆಂದು ಹಚ್ಚಿಟ್ಟ ಒಂದು ಬೀಡಿ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂರಬೇಕು. ‘ಉಣ್ಣೋವಾಗ ಯಾರೂ ನೋಡ್ತಾ ನಿಲ್ಬಾರ್ದು ಕಣ್ಲಾ’ ಎಂದು ಅಜ್ಜಿ ಗದರುತ್ತಿದ್ದಳು. ಒಂದು ಸಲ ನಾನು ಕದದ ಸಂದಿಯಿಂದ ಇಣುಕಿದೆ. ಬೀಡಿ ಅರ್ಧಕ್ಕೇ ಆರಿತ್ತು. ಅಜ್ಜಿಗೆ ಹೋಗಿ ಹೇಳಿದರೆ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಬದುಕಿದ್ದಾಗ್ಲೂ ಅಂಗೇಯ, ಅರ್ಧ ಸೇದಿ ಕಿವಿ ಮ್ಯಾಲೆ ಇಟ್ಕತಿದ್ರು’ ಎಂದಳು.

ಮೆಕ್ಸಿಕೋದವರು ನವೆಂಬರಿನ ಮೊದಲೆರಡು ದಿನ ಸತ್ತವರ ಫೋಟೋ ಮುಂದೆ ಅವರಿಷ್ಟದ ತಿಂಡಿ, ಮದ್ಯ, ಸಿಗರೇಟು ಇಟ್ಟು ಚೆಂಡುಹೂವಿನ ದಾರಿ ಹಾಸುವುದನ್ನು ಮೊದಲು ಕಂಡಾಗ ಇದು ಮಂಡ್ಯದ್ದೇ ಅನ್ನಿಸಿತ್ತು. ಹೂವಂತೂ ಅದೇ, ನಮ್ಮ ಚೆಂಡುಹೂವಿನ ತವರೇ ಮೆಕ್ಸಿಕೋ.

ರೋಮನರು ಇಷ್ಟು ಮೃದುವಲ್ಲ. ಮೇ ತಿಂಗಳ 9, 11, 13ನೇ ರಾತ್ರಿಗಳು ಅವರಿಗೆ ಲೆಮುರಿಯಾ. ನಡುರಾತ್ರಿಯಲ್ಲಿ ಮನೆಯ ಯಜಮಾನ ಬರಿಗಾಲಲ್ಲಿ ಎದ್ದು, ಕೈ ತೊಳೆದು, ಕಪ್ಪು ಅವರೆಯಂಥ ಕಾಳನ್ನು ಹಿಂದಕ್ಕೆ ಎಸೆಯುತ್ತ ಮನೆಯೆಲ್ಲ ನಡೆಯಬೇಕು. ಈ ಕಾಳಿನಿಂದ ನನ್ನನ್ನೂ ನನ್ನವರನ್ನೂ ಬಿಡಿಸಿಕೊಳ್ಳುತ್ತೇನೆ ಎಂದು ಒಂಬತ್ತು ಸಲ ಹೇಳಬೇಕು, ತಿರುಗಿ ನೋಡಕೂಡದು. ಆಮೇಲೆ ಕಂಚು ಬಡಿದು, ನಮ್ಮ ಹಿರಿಯರ ಪ್ರೇತಗಳೇ, ಹೊರಡಿ ಎನ್ನಬೇಕು. ಬಿಡಿಸಿಕೊಳ್ಳುವುದು ಎಂಬ ಮಾತನ್ನು ಗಮನಿಸಿ. ಒತ್ತೆ ಬಿಡಿಸಿಕೊಳ್ಳುವ ಭಾಷೆ ಅದು. ಮೇ ತಿಂಗಳಲ್ಲಿ ರೋಮಿನಲ್ಲಿ ಮದುವೆ ಮಾಡುತ್ತಿರಲಿಲ್ಲ, ನಮ್ಮ ಪಿತೃಪಕ್ಷದ ಹಾಗೆ.

ಎಷ್ಟು ತಲೆಮಾರಿನವರೆಗೆ ಉಣಿಸಬೇಕು? ನಮ್ಮಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಗೆ ಪಿಂಡ. ಅದರಾಚೆಯವರು ಗುಂಪಿನಲ್ಲಿ ಗೋವಿಂದ. ಕೆನ್ಯಾದ ಜಾನ್ ಎಂಬಿಟಿ 1969ರ ತಮ್ಮ ಪುಸ್ತಕದಲ್ಲಿ ಆಫ್ರಿಕದ ಹಿರಿಯರನ್ನು ‘ಬದುಕಿರುವ ಸತ್ತವರು’ ಎಂದು ಕರೆದರು. ಹೆಸರು ಹಿಡಿದು ನೆನೆಯುವ ಒಬ್ಬನಾದರೂ ಉಳಿದಿರುವ ತನಕ, ಅಂದರೆ ನಾಲ್ಕೈದು ತಲೆಮಾರು, ಅವರು ಮನೆಯವರು. ಕೊನೆಯ ಬಾಯಿಯೂ ಮುಚ್ಚಿದ ಮೇಲೆ ಹೆಸರಿಲ್ಲದ ಆತ್ಮಗಳ ರಾಶಿಗೆ ಸೇರಿಹೋಗುತ್ತಾರೆ.

ಹಸಿವಾದ ಮೇಲೆ ದೆವ್ವಗಳ ದೊಡ್ಡ ದೂರು ಮಣ್ಣು ಸಿಗಲಿಲ್ಲ ಎಂಬುದು. ಸುಮಾರು 1,900 ವರ್ಷಗಳ ಹಿಂದೆ ರೋಮಿನ ಕಿರಿಯ ಪ್ಲಿನಿ ಗೆಳೆಯನಿಗೆ ಬರೆದ ಕಾಗದದಲ್ಲಿ ಅಥೆನ್ಸಿನ ಒಂದು ಮನೆಯ ಕಥೆಯಿದೆ. ರಾತ್ರಿ ಸಂಕೋಲೆಯ ಸದ್ದು, ಆಮೇಲೆ ಕೊಳಕು ಗಡ್ಡದ ಮುದುಕ. ಯಾರೂ ಬಾಡಿಗೆಗೆ ಬರುವುದಿಲ್ಲ. ಅಥೆನೊಡೋರಸ್ ಎಂಬ ತತ್ತ್ವಜ್ಞಾನಿ ಊರಿಗೆ ಬಂದು ಬಾಡಿಗೆಯ ಬೋರ್ಡು ಓದುತ್ತಾನೆ. ಇಷ್ಟು ಅಗ್ಗವೇಕೆ ಎಂದು ಅನುಮಾನ ಬಂದು ವಿಚಾರಿಸಿ, ವಿಷಯ ತಿಳಿದ ಮೇಲೆ ಬೇಕೆಂದೇ ಆ ಮನೆ ಹಿಡಿಯುತ್ತಾನೆ. ರಾತ್ರಿ ದೀಪ ಹಚ್ಚಿಕೊಂಡು ಬರೆಯುತ್ತ ಕೂತವನ ಬಳಿಗೆ ಮುದುಕ ಬಂದು ಬೆರಳಾಡಿಸಿ ಕರೆಯುತ್ತಾನೆ. ಇವನು ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿ ಬರವಣಿಗೆ ಮುಂದುವರಿಸುತ್ತಾನೆ. ದೆವ್ವ ಇವನ ತಲೆಯ ಮೇಲೇ ಸಂಕೋಲೆ ಕುಲುಕಿಸಿದಾಗ ಕೊನೆಗೆ ದೀಪ ಹಿಡಿದು ಎದ್ದು ಹಿಂದೆ ಹೋದರೆ, ಅಂಗಳದ ಒಂದು ಜಾಗದಲ್ಲಿ ಅದು ಮಾಯ. ಹುಲ್ಲೂ ಎಲೆಯೂ ಕಿತ್ತು ಗುರುತಿಟ್ಟು, ಬೆಳಿಗ್ಗೆ ಅಧಿಕಾರಿಗಳಿಗೆ ಹೇಳಿ ಅಗೆಸುತ್ತಾನೆ. ಸಂಕೋಲೆ ಸುತ್ತಿದ ಮೂಳೆಗಳು. ಅವಕ್ಕೆ ಮಣ್ಣು ಮಾಡಿದ ಮೇಲೆ ಮನೆ ಶಾಂತ. ಆ ಸಂಕೋಲೆ ಯಾರು ಹಾಕಿದ್ದು, ಅವನು ಯಾರ ಗುಲಾಮ ಎಂದು ಕಥೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಮೂಳೆಗೆ ಸಲ್ಲಬೇಕಾದ್ದು ಸಂದಿತು, ಸಂಕೋಲೆಯ ಲೆಕ್ಕ ಹಾಗೇ ಉಳಿಯಿತು.

ದೆವ್ವದ ಮನೆಗೆ ಬಾಡಿಗೆ ಇಳಿಯುವುದು ಅಂದಿನಿಂದ ಇಂದಿನವರೆಗೂ ತಪ್ಪಿಲ್ಲ. ಅಮೆರಿಕದ ನ್ಯಾಕ್ ಎಂಬ ಊರಲ್ಲಿ ಒಡತಿಯೊಬ್ಬರು ತಮ್ಮ ಮನೆಯ ದೆವ್ವಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆದು ಹೆಸರಾಗಿದ್ದರು. ಮಾರುವಾಗ ಮಾತ್ರ ಹೇಳಲಿಲ್ಲ. ಕೊಂಡವರು ಕೋರ್ಟಿಗೆ ಹೋದರು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯ, ದೆವ್ವ ಇದೆಯೆಂದು ಊರಿಗೆಲ್ಲ ಸಾರಿದವರು ಈಗ ಇಲ್ಲ ಎನ್ನುವಂತಿಲ್ಲ, ಆದ್ದರಿಂದ ಕಾನೂನಿನ ಮಟ್ಟಿಗೆ ಈ ಮನೆಯಲ್ಲಿ ದೆವ್ವ ಉಂಟು ಎಂದು ಹೇಳಿ, ಕೊಂಡವರು ಕರಾರು ಮುರಿದುಕೊಳ್ಳಲು ಬಿಟ್ಟಿತು. ಜಪಾನ್ ಸರ್ಕಾರ 2021ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು: ಕೊಲೆ, ಆತ್ಮಹತ್ಯೆ ನಡೆದ ಬಾಡಿಗೆ ಮನೆಯಾದರೆ ಸುಮಾರು ಮೂರು ವರ್ಷದವರೆಗೆ ಬರುವವರಿಗೆ ತಿಳಿಸಬೇಕು. ವಯಸ್ಸಾಗಿ ತಾನಾಗಿ ಸತ್ತರೆ ಹೇಳಬೇಕಿಲ್ಲ. ಯಾವ ಸಾವು ದೆವ್ವವಾಗುತ್ತದೆ ಎಂಬ ಹಳ್ಳಿಯ ಮುದುಕಿಯರ ವಿಂಗಡಣೆಯೂ ಹೆಚ್ಚುಕಡಿಮೆ ಇದೇ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ದೆವ್ವಗಳ ಬೇಡಿಕೆ ಪೂಜೆಯ ರೂಪ ತಾಳಿತು. ಯಾರ್ಕ್‌ಶೈರಿನ ಬೈಲೆಂಡ್ ಮಠದ ಸನ್ಯಾಸಿಯೊಬ್ಬ ಸುಮಾರು 1400ರ ಹೊತ್ತಿಗೆ ಒಂದು ಹಳೆಯ ಹಸ್ತಪ್ರತಿಯ ಖಾಲಿ ಜಾಗಗಳಲ್ಲಿ ತನ್ನ ಸೀಮೆಯ ಹನ್ನೆರಡು ದೆವ್ವದ ಕಥೆ ಗೀಚಿಟ್ಟ. ಅವುಗಳಲ್ಲೊಂದು ಸ್ನೋಬಾಲ್ ಎಂಬ ದರ್ಜಿಯದು. ಕುದುರೆಯೇರಿ ಮನೆಗೆ ಹೋಗುತ್ತಿದ್ದವನ ಮೇಲೆ ಪಕ್ಕೆಯಿಂದ ಕಿಡಿ ಉದುರಿಸುವ ಕಾಗೆಯೊಂದು ಎರಗುತ್ತದೆ. ಮಂತ್ರವಾದಿಯ ಪ್ರಶ್ನೆಯನ್ನೇ ದರ್ಜಿಯೂ ಕೇಳುತ್ತಾನೆ. ಉತ್ತರ: ನನ್ನ ಪಾಪಕ್ಕೆ ಕ್ಷಮಾಪಣೆ ಪತ್ರ ತಾ, 180 ಪೂಜೆ ಹೇಳಿಸು. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡು ಪ್ರೊಟೆಸ್ಟೆಂಟ್ ಆದಾಗ ಸತ್ತವರು ಪಾಪ ತೊಳೆದುಕೊಳ್ಳುವ, ಸ್ವರ್ಗ ನರಕಗಳ ನಡುವಿನ ಲೋಕವೇ ರದ್ದಾಯಿತು. ದೆವ್ವಗಳಿಗೆ ಬರಲು ಊರಿಲ್ಲದಂತಾಯಿತು. ಪಾದ್ರಿಗಳು ಎಷ್ಟೇ ಹೇಳಿದರೂ ಜನ ಕಾಣುವುದನ್ನು ಬಿಡಲಿಲ್ಲ. ಹ್ಯಾಮ್ಲೆಟ್ ನಾಟಕದ ಅರಸನ ದೆವ್ವ ಎಲ್ಲಿಂದ ಬಂತು ಎಂಬ ಗೊಂದಲದ ಹಿಂದೆ ಈ ಜಗಳವಿದೆ.

ಎಲ್ಲಕ್ಕಿಂತ ನನಗೆ ರುಚಿಸುವುದು ಸತ್ತವರ ನ್ಯಾಯಾಲಯಗಳು. ಐಸ್‌ಲೆಂಡಿನ ಹಳೆಯ ಏರ್ಬಿಗ್ಯಾ ಸಾಗಾದಲ್ಲಿ, ಕ್ರಿ.ಶ. 1000ದ ಆಸುಪಾಸು, ಫ್ರೋಡಾ ಎಂಬ ತೋಟದಮನೆ. ತೋರ್ಗುನ್ನಾ ಎಂಬ ಪರಊರಿನ ಹೆಂಗಸು ಸಾಯುವಾಗ ತನ್ನ ಬೆಲೆಬಾಳುವ ಹಾಸಿಗೆ ಹೊದಿಕೆ ಸುಟ್ಟುಬಿಡಿ ಎಂದು ಹೇಳಿರುತ್ತಾಳೆ. ಮನೆಯೊಡತಿಗೆ ಅವುಗಳ ಮೇಲೆ ಕಣ್ಣು, ಸುಡಗೊಡುವುದಿಲ್ಲ. ಸಾವು ಶುರುವಾಗುತ್ತದೆ. ಯಜಮಾನನೂ ದೋಣಿಯವರೂ ಕಡಲಲ್ಲಿ ಮುಳುಗುತ್ತಾರೆ. ತಿಥಿಯೂಟದ ಸಂಜೆ ಅವರೆಲ್ಲ ನೀರು ತೊಟ್ಟಿಕ್ಕುತ್ತ ಒಳಗೆ ಬಂದು ಬೆಂಕಿಯ ಸುತ್ತ ಕೂರುತ್ತಾರೆ. ದಿನಾ ಇದೇ. ರೋಗ ಬಂದು ಸತ್ತವರದು ಇನ್ನೊಂದು ಗುಂಪು, ಅವರು ಮೈಮೇಲಿನ ಮಣ್ಣು ಕೊಡವುತ್ತಾರೆ. ಬದುಕಿದ್ದವರಿಗೆ ಚಳಿ ಕಾಯಿಸಲು ಜಾಗವಿಲ್ಲ. ಕೊನೆಗೆ ಸ್ನೋರಿ ಎಂಬ ಚತುರ ಮುಖಂಡನ ಸಲಹೆಯಂತೆ ಹಾಸಿಗೆ ಸುಟ್ಟು, ಮನೆಬಾಗಿಲಲ್ಲೇ ಪಂಚಾಯಿತಿ ಸೇರಿಸುತ್ತಾರೆ. ಅನುಮತಿಯಿಲ್ಲದೆ ಮನೆಯೊಳಗೆ ನುಗ್ಗಿ ಜನರ ಪ್ರಾಣ, ಆರೋಗ್ಯ ಕಳೆದರೆಂದು ಒಂದೊಂದು ದೆವ್ವದ ಮೇಲೂ ಆರೋಪ ಓದಿ, ಸಾಕ್ಷಿ ಕರೆದು, ತೀರ್ಪು ಕೊಡುತ್ತಾರೆ. ತೀರ್ಪು ಕೇಳಿದ ದೆವ್ವ ಎದ್ದು ಏನೋ ಗೊಣಗಿಕೊಂಡು ಹೊರಗೆ ಹೋಗುತ್ತದೆ. ಅವನ್ನು ಹೊರಗೆ ಕಳಿಸಿದ್ದು ಮಂತ್ರವಲ್ಲ, ಹೊಡೆತವಲ್ಲ, ಒಕ್ಕಲೆಬ್ಬಿಸುವ ನೋಟಿಸು.

ತುಳುನಾಡಿನಲ್ಲಿ ಇದು ತಲೆಕೆಳಗು. ಅಲ್ಲಿ ಬದುಕಿದ್ದವರು ಕೈಕಟ್ಟಿ ನಿಲ್ಲುತ್ತಾರೆ, ನ್ಯಾಯ ಹೇಳುವುದು ಸತ್ತವರು. ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ಕೇಳಿ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಇಂಥದ್ದು ಇನ್ನೆಲ್ಲೂ ಏಳಬಾರದೆಂದು ಭೈರರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕೆತ್ತುತ್ತಾನೆ. ಕಾರ್ಕಳದ ವಿಗ್ರಹ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವಿನ 172 ವರ್ಷ ಪಾಡ್ದನಕ್ಕೆ ಲೆಕ್ಕಕ್ಕಿಲ್ಲ, ಅದಕ್ಕೆ ನೆನಪಿರುವುದು ಕಡಿದ ಕೈ ಮಾತ್ರ. ಅಣ್ಣನ ಗತಿ ಕಂಡ ತಂಗಿ ಕಲ್ಲುರ್ಟಿಯೂ ಅವನೂ ಮಾಯವಾಗಿ, ದೈವಗಳಾಗಿ ಅರಸನ ಮನೆತನವನ್ನು ಕಾಡುತ್ತಾರೆ. ಇಂದಿಗೂ ಕೋಲದಲ್ಲಿ ಗಗ್ಗರ ಕಟ್ಟಿದ ಪಾತ್ರಿಯ ಮೈಮೇಲೆ ಬಂದ ದೈವ ‘ನುಡಿ’ ಕೊಡುವಾಗ ಗುತ್ತಿನ ಯಜಮಾನ ತಲೆ ತಗ್ಗಿಸಿ ನಿಲ್ಲುತ್ತಾನೆ. ಆ ಪಾತ್ರಿ ಹಗಲಲ್ಲಿ ಅದೇ ಯಜಮಾನನ ಅಂಗಳದಾಚೆ ನಿಲ್ಲುವ ಜಾತಿಯವನಾಗಿರಬಹುದು. ಒಂದು ರಾತ್ರಿಯ ಮಟ್ಟಿಗೆ ಮಾತ್ರ ಈ ಅದಲುಬದಲು, ಬೆಳಗಾದರೆ ಎಲ್ಲ ಮೊದಲಿನಂತೆ ಎಂದು ಟೀಕಿಸುವವರಿದ್ದಾರೆ, ಟೀಕೆಯಲ್ಲಿ ಹುರುಳೂ ಇದೆ. ಆದರೂ ಅನ್ಯಾಯಕ್ಕೀಡಾಗಿ ಸತ್ತವನನ್ನು ಓಡಿಸದೆ, ವರ್ಷಕ್ಕೊಮ್ಮೆ ಕರೆದು ಕೂರಿಸಿ ದೂರು ಕೇಳುವ ವ್ಯವಸ್ಥೆ ಬಹಳ ಕಡೆ ಇಲ್ಲ. ದೇವ, ದೈವ, ದೆವ್ವ ಒಂದೇ ಬೇರಿನ ಮಾತುಗಳೆಂಬುದು ಅಲ್ಲಿ ನಿಘಂಟು ನೋಡದೆಯೂ ತಿಳಿಯುತ್ತದೆ.

ಲೋಕದ ದೆವ್ವಗಳ ತಲೆ ಎಣಿಸಿದರೆ ಹೆಣ್ಣುಗಳೇ ಹೆಚ್ಚಿರಬಹುದೆಂದು ನನ್ನ ಅಂದಾಜು. ಅವುಗಳಲ್ಲಿ ಬಸಿರಲ್ಲೋ ಬಾಣಂತನದಲ್ಲೋ ಸತ್ತವರ ದಂಡು ದೊಡ್ಡದು. ಉತ್ತರ ಭಾರತದ ಚುಡೈಲ್, ಮಲಯಾ-ಇಂಡೊನೇಷ್ಯಾ ಕಡೆಯ ಪೊಂಟಿಯಾನಕ್ ಇಂಥವರು. ಪೊಂಟಿಯಾನಕ್ ಹೆಸರಿನ ದೊಡ್ಡ ನಗರವೇ ಬೋರ್ನಿಯೋದಲ್ಲಿದೆ. ಅವಳ ಹಿಂಗತ್ತಿಗೆ ಕಬ್ಬಿಣದ ಮೊಳೆ ಹೊಡೆದರೆ ಸುಂದರಿಯೂ ವಿಧೇಯಳೂ ಆದ ಹೆಂಡತಿಯಾಗುತ್ತಾಳೆ, ಕಿತ್ತರೆ ಮತ್ತೆ ದೆವ್ವ. ಈ ಕಥೆ ಕಟ್ಟಿದವರು ಗಂಡಸರೇ ಇರಬೇಕು. ನಮ್ಮಲ್ಲೂ ಬಾಣಂತಿಯ ಹಾಸಿಗೆ ಕೆಳಗೆ ಕುಡುಗೋಲು ಇಡುತ್ತಾರಲ್ಲ, ಕಬ್ಬಿಣದ ಭಯ ಎಲ್ಲ ಕಡೆಯದು. ಕಾಲಿನ ವಿಚಾರದಲ್ಲಿ ಮಾತ್ರ ಒಮ್ಮತವಿಲ್ಲ. ನಮ್ಮ ದೆವ್ವಗಳ ಪಾದ ಹಿಂದುಮುಂದು. ಟ್ರಿನಿಡಾಡಿನಲ್ಲಿ ದೀಕ್ಷಾಸ್ನಾನವಾಗದೆ ಸತ್ತ ಮಕ್ಕಳ ದೆವ್ವಕ್ಕೂ ಹಾಗೇ. ಜಪಾನಿನವಕ್ಕೆ ಹದಿನೆಂಟನೇ ಶತಮಾನದಿಂದೀಚೆಗೆ ಪಾದವೇ ಇಲ್ಲ.

ಬ್ಯಾಂಕಾಕಿನ ಮೇ ನಾಕಳ ಕಥೆಯನ್ನು ಥಾಯಿಗಳು ಹತ್ತಾರು ಸಲ ಸಿನಿಮಾ ಮಾಡಿದ್ದಾರೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಹೆರಿಗೆಯಲ್ಲಿ ತಾಯಿಯೂ ಕೂಸೂ ಸಾಯುತ್ತಾರೆ. ಅವನು ಮರಳಿದಾಗ ಇಬ್ಬರೂ ಮನೆಯಲ್ಲೇ ಇದ್ದಾರೆ, ಅಡುಗೆಯಾಗುತ್ತಿದೆ. ಒಂದು ದಿನ ಅವಳ ಕೈಯಿಂದ ನಿಂಬೆಹಣ್ಣು ಜಾರಿ ಮರದ ನೆಲದ ಸಂದಿಯಲ್ಲಿ ಕೆಳಗೆ ಬೀಳುತ್ತದೆ. ಅವಳು ಕೂತಲ್ಲಿಂದಲೇ ಕೈ ಉದ್ದ ಮಾಡಿ ಎತ್ತಿಕೊಳ್ಳುತ್ತಾಳೆ. ಗಂಡ ನೋಡಿಬಿಡುತ್ತಾನೆ. ಇಂದು ವಾಟ್ ಮಹಾಬುಟ್ ದೇವಾಲಯದಲ್ಲಿ ಅವಳ ಗುಡಿಯಿದೆ. ಸೈನ್ಯದ ಚೀಟಿ ತಮ್ಮ ಹೆಸರಿಗೆ ಬೀಳದಿರಲಿ ಎಂದು ಹುಡುಗರು ಹರಕೆ ಹೊರುತ್ತಾರೆ. ಗಂಡನನ್ನು ಯುದ್ಧಕ್ಕೆ ಎಳೆದುಕೊಂಡ ಸರ್ಕಾರದ ಮೇಲೆ ಅವಳಿಗೆ ಸಿಟ್ಟಿದ್ದೇ ಇರುತ್ತದೆ ಎಂಬ ಭರವಸೆ. ಕ್ಯೋಟೋದಲ್ಲಿ ಇನ್ನೊಬ್ಬ ತಾಯಿ: ಪ್ರತಿ ರಾತ್ರಿ ಮಿಠಾಯಿ ಅಂಗಡಿಗೆ ಬಂದು ಒಂದು ಬಿಲ್ಲೆ ಕೊಟ್ಟು ಸಕ್ಕರೆಪಾಕದ ಗಟ್ಟಿ ಕೊಂಡು ಹೋಗುತ್ತಾಳೆ. ಅಂಗಡಿಯವನು ಹಿಂಬಾಲಿಸಿದರೆ ಸ್ಮಶಾನ. ಅಗೆದರೆ ಹೆಣದ ಪಕ್ಕದಲ್ಲಿ ಮಿಠಾಯಿ ಚೀಪುತ್ತಿರುವ ಜೀವಂತ ಕೂಸು. ಆ ಮಿಠಾಯಿಯನ್ನು ಅದೇ ಕಥೆಯ ಹೆಸರಲ್ಲಿ ಕ್ಯೋಟೋದ ಅಂಗಡಿಯೊಂದು ಈಗಲೂ ಮಾರುತ್ತದೆ. ಹಳೆಯ ಮೆಕ್ಸಿಕೋದ ಅಜ್ಟೆಕರು ಮಾತ್ರ ಹೆರಿಗೆಯಲ್ಲಿ ಸತ್ತವಳನ್ನು ಯುದ್ಧದಲ್ಲಿ ಮಡಿದ ವೀರನ ಸಮಕ್ಕೆ ಇಟ್ಟರು. ನಡುಹಗಲಿನಿಂದ ಸಂಜೆಯವರೆಗೆ ಸೂರ್ಯನನ್ನು ಹೊತ್ತು ನಡೆಯುವ ಕೆಲಸ ಅವಳದು. ಅಷ್ಟು ಮರ್ಯಾದೆ ಕೊಟ್ಟ ಮೇಲೂ, ಅವಳು ಇಳಿದುಬರುವ ಐದು ದಿನ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ.

ಮದುವೆಯಾಗದೆ ಸತ್ತವರ ಬಾಕಿಯೂ ಉಂಟು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಎಳವೆಯಲ್ಲೇ ಸತ್ತ ಮಕ್ಕಳಿಗೆ ವಯಸ್ಸು ತುಂಬುವ ಹೊತ್ತಿಗೆ ಪ್ರೇತ ಮದುವೆ ಮಾಡುತ್ತಾರೆ. ಸತ್ತವರ ಕುಲೆ ತನಗಿನ್ನೂ ಮದುವೆಯಾಗಿಲ್ಲ ಎಂದು ಮನೆಯ ಉಳಿದ ಶುಭಕಾರ್ಯಗಳಿಗೆ ಅಡ್ಡ ನಿಲ್ಲುತ್ತದೆ ಎಂದು ನಂಬಿಕೆ. ಗೋತ್ರದಂಥ ‘ಬರಿ’ ನೋಡಿ ಸಂಬಂಧ ಕುದುರಿಸಿ, ಗಂಡು ಹೆಣ್ಣಿನ ಬದಲಿಗೆ ಬಟ್ಟೆಬರೆ ಇಟ್ಟು ಧಾರೆಯೆರೆದು, ಬಂದವರಿಗೆ ಭರ್ತಿ ಊಟ ಹಾಕುತ್ತಾರೆ. 2024ರಲ್ಲಿ ಮೂವತ್ತು ವರ್ಷದ ಹಿಂದೆ ಸತ್ತ ಮಗಳಿಗೆ ಅದೇ ಕಾಲದಲ್ಲಿ ಸತ್ತ ವರ ಬೇಕೆಂದು ದಕ್ಷಿಣ ಕನ್ನಡದ ಕುಟುಂಬವೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ಬೆರಗಾಯಿತು, ಕೆಲವರು ನಕ್ಕರು. ಮೂವತ್ತು ವರ್ಷ ಆ ಕೂಸಿನ ವಯಸ್ಸು ಎಣಿಸುತ್ತ ಬಂದ ತಾಯಿಯೊಬ್ಬಳು ಆ ಮನೆಯಲ್ಲಿ ಇದ್ದಿರಬೇಕೆಂದು ನನಗನ್ನಿಸಿತು. ಚೀನಾದಲ್ಲೂ ತೈವಾನಿನಲ್ಲೂ ಸತ್ತವರ ಮದುವೆಯಿದೆ. ಚೀನಾದ ಕೆಲವೆಡೆ ಅದಕ್ಕಾಗಿ ಹೆಣ್ಣುಗಳ ಶವ ಕದ್ದು ಮಾರುವ ದಂಧೆ ಬೆಳೆದು ಪೊಲೀಸರು ಕೈಹಾಕಬೇಕಾಯಿತು.

ಈ ನಡುವೆ ಏನೂ ಕೇಳದ ದೆವ್ವ ಒಂದಿದೆ, ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಅದೇ. ಹೈಟಿಯ ಜೋಂಬಿ. ಸಿನಿಮಾದವರು ಅದಕ್ಕೆ ಮನುಷ್ಯರನ್ನು ತಿನ್ನುವ ಚಾಳಿ ಕಲಿಸಿದ್ದಾರೆ. ಹೈಟಿಯ ಮೂಲ ಕಥೆಯಲ್ಲಿ ಜೋಂಬಿ ಯಾರನ್ನೂ ತಿನ್ನುವುದಿಲ್ಲ. ಮಾಂತ್ರಿಕ ಅದನ್ನು ಗೋರಿಯಿಂದ ಎಬ್ಬಿಸಿ ಗದ್ದೆಯಲ್ಲಿ ದುಡಿಸುತ್ತಾನೆ. ಹೈಟಿಯ ಜನ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದು, ಬಂಡೆದ್ದು, 1804ರಲ್ಲಿ ಸ್ವತಂತ್ರರಾದವರು. ಸತ್ತರೆ ಆಫ್ರಿಕದ ತವರಿಗೆ ಮರಳುತ್ತೇವೆ ಎಂಬ ಒಂದೇ ಆಸೆಯಲ್ಲಿ ಬದುಕಿದವರಿಗೆ, ಸತ್ತ ಮೇಲೂ ದುಡಿಮೆ ತಪ್ಪದು ಎಂಬುದಕ್ಕಿಂತ ಘೋರವಾದದ್ದು ಇದೆಯೇ? ಜೋಂಬಿಗೆ ಉಪ್ಪಿಲ್ಲದ ಊಟ ಹಾಕುತ್ತಾರೆ. ಅಪ್ಪಿತಪ್ಪಿ ಉಪ್ಪು ನಾಲಿಗೆಗೆ ತಗುಲಿದರೆ ತಾನು ಸತ್ತಿದ್ದೇನೆಂದು ಅರಿವಾಗಿ, ನೇರ ತನ್ನ ಗೋರಿಗೆ ನಡೆದುಬಿಡುತ್ತದಂತೆ. ಉಪ್ಪು ತಿಂದ ಋಣ ಎಂದು ದುಡಿಸಿಕೊಳ್ಳುವ ನಮ್ಮ ಗಾದೆಗಳನ್ನು ಹೈಟಿಯವರು ಕೇಳಿದರೆ ಏನೆಂದಾರೋ.

ಇವಕ್ಕೆಲ್ಲ ವಿಜ್ಞಾನದ ವಿವರಣೆಗಳಿವೆ, ಕೆಲವು ಚೆನ್ನಾಗಿಯೂ ಇವೆ. ನಿದ್ದೆಯಿಂದ ಅರೆ ಎಚ್ಚರವಾದಾಗ ಮೈ ಅಲುಗದೆ ಎದೆಯ ಮೇಲೆ ಯಾರೋ ಕೂತಂತಾಗುವುದು ನಿದ್ರಾ ಸ್ತಂಭನ. ಕೆನಡಾದ ನ್ಯೂಫೌಂಡ್‌ಲೆಂಡಿನವರು ಕೂತವಳನ್ನು ಮುದಿ ಮಾಟಗಾತಿ ಎಂದರು, ಜಪಾನಿನವರು ಆ ಸ್ಥಿತಿಯನ್ನೇ ಕನಾಶಿಬಾರಿ ಎಂದರು. ನಮ್ಮ ಕೊಳ್ಳಿದೆವ್ವ, ಬಂಗಾಳದ ಆಲೆಯಾ, ಜಪಾನಿನ ಹಿತೊದಾಮಾ ಎಲ್ಲವೂ ಕತ್ತಲಲ್ಲಿ ತೇಲುವ ಬೆಳಕು. ಜೌಗು ನೆಲದ ಅನಿಲವೇ ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎದೆ ಮೇಲಿನ ಭಾರ ಏನೆಂದು ಈ ವಿವರಣೆಗಳು ತಿಳಿಸುತ್ತವೆ. ಆ ಭಾರಕ್ಕೆ ಸತ್ತ ಅತ್ತೆಯ ಹೆಸರೇ ಏಕೆ ಬರುತ್ತದೆ ಎಂಬುದು ಅವುಗಳ ಕೆಲಸವಲ್ಲ.

ಬದುಕಿದ್ದವರ ಬಾಕಿಯೂ ಕೆಲವು ಸಲ ದೆವ್ವದ ಬಾಯಲ್ಲೇ ಹೊರಬರುತ್ತದೆ. ಸೊಮಾಲಿಯಾ, ಸುಡಾನ್, ಇಥಿಯೋಪಿಯಾ ಕಡೆ ಹೆಂಗಸರ ಮೈಮೇಲೆ ಬರುವ ‘ಜಾರ್’ ಕೇಳುವುದು ಹೊಸ ಬಟ್ಟೆ, ಸುಗಂಧ, ಒಡವೆ, ಒಳ್ಳೆಯ ಊಟ. ಕೊಡಬೇಕಾದವನು ಗಂಡ. ಸೊಮಾಲಿಗಳ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್, ಬೇರೆ ದಾರಿಯಿಲ್ಲದ ಹೆಂಗಸರ ಹಕ್ಕೊತ್ತಾಯ ಇದು ಎಂದರು. ಆಕೆ ಕೇಳಿದರೆ ಬೈಗುಳ, ಅದೇ ಮಾತನ್ನು ಜಾರ್ ಕೇಳಿದರೆ ಹೊಸ ಬಟ್ಟೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಸಿಕ್ಕಿದ್ದು ಬೆತ್ತದ ಏಟು, ಮೆಣಸಿನಕಾಯಿ ಹೊಗೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದನ್ನು ಅಪರಾಧ ಎಂದು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು. ‘ಏನು ಬೇಕು ನಿನಗೆ’ ಎಂಬ ಪ್ರಶ್ನೆಗೆ ಉತ್ತರ ಕಾಯುವ ತಾಳ್ಮೆಯಿದ್ದ ಮಂತ್ರವಾದಿಗಳು ಆ ಕಾಯ್ದೆಗೆ ಹೆದರಬೇಕಿಲ್ಲ.

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಬಡಿಯಿತು. ಸತ್ತವರು, ಕಾಣೆಯಾದವರು ಸೇರಿ 18 ಸಾವಿರಕ್ಕೂ ಹೆಚ್ಚು. ಇಶಿನೊಮಾಕಿ ಎಂಬ ಊರಿನ ಟ್ಯಾಕ್ಸಿ ಚಾಲಕರನ್ನು ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನ ಪದವಿ ಪ್ರಬಂಧಕ್ಕೆಂದು ಮಾತಾಡಿಸಿದಳು. ಕೆಲವರು ಹಿಂಜರಿಯುತ್ತಲೇ ಹೇಳಿಕೊಂಡರು. ಅವರಲ್ಲೊಬ್ಬನ ಗಾಡಿಗೆ ಬೇಸಿಗೆಯಲ್ಲೂ ದಪ್ಪ ಕೋಟು ತೊಟ್ಟ ಹೆಂಗಸೊಬ್ಬಳು ಹತ್ತಿ, ಅಲೆಯಲ್ಲಿ ಕೊಚ್ಚಿಹೋದ ಬಡಾವಣೆಯೊಂದರ ಹೆಸರು ಹೇಳಿದಳಂತೆ. ಅಲ್ಲಿ ಈಗ ಏನೂ ಇಲ್ಲವಲ್ಲ ತಾಯಿ ಎಂದರೆ, ನಡುಗುವ ದನಿಯಲ್ಲಿ ‘ನಾನು ಸತ್ತಿದ್ದೇನೆಯೇ?’ ಎಂದಳು. ಅವನು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಇಂಥ ಪ್ರಯಾಣಿಕರು ಹತ್ತಿದಾಗ ಚಾಲಕರು ಎಂದಿನಂತೆ ಮೀಟರು ಹಾಕಿದ್ದರು. ಮೀಟರಿನಲ್ಲಿ ಬಿದ್ದ ಮೊತ್ತಕ್ಕೆ ಲೆಕ್ಕ ತೋರಿಸಬೇಕು. ತಮ್ಮ ಜೇಬಿನಿಂದಲೇ ಬಾಡಿಗೆ ಕಟ್ಟಿದರು. ಮತ್ತೆ ಅಂಥವರು ರಸ್ತೆ ಬದಿ ಕೈ ಚಾಚಿದರೆ ಏನು ಮಾಡುತ್ತೀರಿ ಎಂಬ ಮಾತು ಬಂದಾಗ, ಹತ್ತಿಸಿಕೊಳ್ಳುತ್ತೇವೆ ಎಂದರು.